ಸೇವಂತಿಗೆಗೆ ಹಾಕಿದ ಟ್ಯೂಬ್ ಲೈಟು

ಕೊಟ್ಟಿಗೆಯಲ್ಲಿ ಸೇವಂತಿಗೆ ಗಿಡಗಳಿಗೆ ಟ್ಯೂಬ್ ಲೈಟು ಹಾಕಿಸಿದವಳು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಗ ಮನೆಯೊಳಗೆ ಗಿಡ ಬೆಳೆಸುವವರಿಗೆಂದೇ ಬೇರೆ ದೀಪಗಳು ಅಂಗಡಿಯಲ್ಲಿ ಸಿಗುತ್ತವೆ. ಮೊಮ್ಮಗಳು ಅಂಥದೊಂದನ್ನು ತನ್ನ ಕೋಣೆಯಲ್ಲಿ ನೇತುಹಾಕಿಕೊಂಡು, ‘ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಬಿಡಜ್ಜಿ’ ಎಂದಳು. ಇತ್ತು ಎಂದೆ. ಅವಳು ನಂಬಲಿಲ್ಲ, ನಾನೂ ಬಾಯಿ ಮುಚ್ಚಿಕೊಂಡೆ. ಹೇಳಲು ಹೊರಟರೆ ನನ್ನ ಮರ್ಯಾದೆಯನ್ನೂ ಸ್ವಲ್ಪ ಬಿಟ್ಟುಕೊಡಬೇಕಾಗುವ ಸಂಗತಿ ಅದು.

ಅರವತ್ತರ ದಶಕದ ಮಾತು. ಆಗ ನನಗೆ ಇಪ್ಪತ್ಮೂರು ವರ್ಷ. ಬಾಟನಿಯಲ್ಲಿ ಬಿ.ಎಸ್ಸಿ. ಮುಗಿಸಿ ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದೆ. ತುಮಕೂರಿನ ಕಡೆಯಿಂದ ಅಮ್ಮನನ್ನು ಕರೆತಂದು ತಿಲಕ್ ನಗರದ ಅಂಚಿನಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದೆ. ಬೀದಿಯಲ್ಲಿ ಡಿಗ್ರಿ ಓದಿದ ಹೆಂಗಸು ನಾನೊಬ್ಬಳೇ. ಕಾಗದ ಬಂದರೆ ಓದಿ ಹೇಳುವುದಕ್ಕೆ, ಮಕ್ಕಳಿಗೆ ಜ್ವರ ಬಂದರೆ ಥರ್ಮಾಮೀಟರ್ ನೋಡುವುದಕ್ಕೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ಇಪ್ಪತ್ಮೂರನೆಯ ವಯಸ್ಸಿನಲ್ಲಿ ಇಷ್ಟು ಸಾಕು ತಲೆ ತಿರುಗುವುದಕ್ಕೆ. ನನಗೆ ಚೆನ್ನಾಗಿಯೇ ತಿರುಗಿತ್ತು.

ಮನೆಯ ಯಜಮಾನಿ ಒಬ್ಬ ಅಜ್ಜಿ. ಬಾಡಿಗೆ ಪಡೆಯುತ್ತಿದ್ದವನು ಅವರ ಮಗನಾದರೂ ಬೀದಿಗೆಲ್ಲ ಅದು ಅಜ್ಜಿಯ ಮನೆ. ಮಗನೂ ಮೊಮ್ಮಗಳೂ ಅಜ್ಜಿಯೂ ಮುಂದಿನ ಭಾಗದಲ್ಲಿ, ನಾವು ಪಕ್ಕದಲ್ಲಿ. ಬಡಾವಣೆ ಬರುವ ಮೊದಲು ಅಲ್ಲೆಲ್ಲ ಅವರ ಹೂವಿನ ಹೊಲ. ನಾನು ದಿನಾ ಸ್ಕೂಲಿಗೆ ನಡೆದು ಹೋಗುತ್ತಿದ್ದ ಟಾರು ರಸ್ತೆಯನ್ನು ತೋರಿಸಿ ಅಜ್ಜಿ, ‘ಇಲ್ಲಿ ಎತ್ತು ಕಟ್ಟಿ ನೀರೆತ್ತೋ ಕಪಿಲೆ ಬಾವಿ ಇತ್ತು. ಅಗಾ, ಆ ಡಾಕ್ಟ್ರ ಮನೆ ಐತಲ್ಲ, ಅಲ್ಲಿಂದ ಸೇವಂತಿಗೆ ಸಾಲು’ ಎನ್ನುತ್ತಿದ್ದರು. ಹೊಲ ಹೋಯಿತು. ಹಸುಗಳೂ ಹೋದವು. ಉಳಿದದ್ದು ಹಿತ್ತಿಲಲ್ಲಿ ಎರಡು ಪಾತಿ ಸೇವಂತಿಗೆ, ಅದೇ ಹೊಲದ ತಳಿ. ಚಿಕ್ಕ ಹೂವು, ಒತ್ತೊತ್ತಾದ ಎಸಳು, ಅರಿಶಿನಕ್ಕಿಂತ ಸ್ವಲ್ಪ ಗಾಢ ಬಣ್ಣ. ಅದಕ್ಕೊಂದು ಹೆಸರಿರಲಿಲ್ಲ. ಮನೆಯವರೆಲ್ಲ ‘ನಮ್ಮ ಹಳದಿ’ ಎನ್ನುತ್ತಿದ್ದರು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಮಗಳು ಮದುವೆಯಾಗಿ ಹೊರಡುವಾಗ ತವರಿನವರು ಮುಡಿಸುವ ಹೂವು ಕೊಂಡು ತಂದದ್ದಾಗಿರಬಾರದು. ಗಂಡಿನ ಕಡೆಯವರು ತಂದು ಮುಡಿಸುವುದು ಬೇರೆ. ತವರಿನ ದಂಡೆ ಮಾತ್ರ ತವರಿನ ಮಣ್ಣಿನದೇ ಆಗಬೇಕು. ಅಜ್ಜಿಯ ಅತ್ತೆಯ ಕಾಲದಿಂದ ಹಾಗೇ ನಡೆದು ಬಂದಿತ್ತಂತೆ. ಅಜ್ಜಿಯ ಮೂವರು ಹೆಣ್ಣುಮಕ್ಕಳೂ ಹಾಗೆಯೇ ಹೋಗಿದ್ದರು. ಈಗ ಮೊಮ್ಮಗಳ ಸರದಿ. ತಾಯಿಯಿಲ್ಲದ ಹುಡುಗಿ, ಅಜ್ಜಿಯ ಕೈಯಲ್ಲೇ ಬೆಳೆದವಳು. ಹತ್ತನೆಯವರೆಗೆ ಓದಿದ್ದಳು, ಬಾಯಿ ಸ್ವಲ್ಪ ಜೋರು. ಕೋಣನಕುಂಟೆಯ ಕಡೆಯ ಸಂಬಂಧ ಕುದುರಿತ್ತು. ಆಗ ಅದು ಕನಕಪುರ ರಸ್ತೆಯಲ್ಲಿ ದೂರದ ಹಳ್ಳಿ. ಗಂಡಿನ ಮನೆಯಲ್ಲಿ ರಾಗಿ ಹೊಲ, ತೋಟ, ಬಾವಿ ಎಲ್ಲ ಇದ್ದವು. ಮದುವೆ ಕಾರ್ತೀಕ ಮುಗಿದ ಮೇಲೆ, ಧನುರ್ಮಾಸ ಹುಟ್ಟುವ ಮೊದಲು ಎಂದು ಗೊತ್ತಾಯಿತು.

‘ಹೊಲ ಇರೋರ ಮನೆಗೆ ಹೋಗ್ತಾವಳೆ ಕಣವ್ವ. ಪ್ಯಾಟೆ ಹೂ ಮುಡ್ಕೊಂಡು ಹೋದ್ರೆ, ಇವ್ರ ಮನೇಲಿ ಮಣ್ಣೇ ಇಲ್ಲ ಅಂದ್ಕೊಳಾಕಿಲ್ವಾ?’ ಎಂದರು ಅಜ್ಜಿ ನಮ್ಮಮ್ಮನ ಹತ್ತಿರ.

ಮಣ್ಣು ನಿಜಕ್ಕೂ ಇಲ್ಲವಾಗುತ್ತಿತ್ತು. ಅದೇ ಬೇಸಿಗೆಯಲ್ಲಿ ಮಗ ಹಿತ್ತಿಲಲ್ಲಿ ಇನ್ನೆರಡು ಬಾಡಿಗೆ ಮನೆ ಕಟ್ಟಿಸಲು ಪಾಯ ತೆಗೆಸಿದ. ಅಜ್ಜಿ ಪಾತಿಯಿಂದ ಗಿಡಗಳನ್ನು ಬುಡಸಮೇತ ಎತ್ತಿ, ಒಡೆದ ಮಡಕೆ, ಎಣ್ಣೆ ಡಬ್ಬ, ತೂತುಬಿದ್ದ ಕೊಳಗ, ಏನು ಸಿಕ್ಕಿತೋ ಅದರಲ್ಲಿ ನೆಟ್ಟರು. ಒಟ್ಟು ಇಪ್ಪತ್ತಾರು. ಮನೆ ಮುಂದೆ ಸಾಲಾಗಿ ಇಟ್ಟ ಮೊದಲ ದಿನವೇ ಬೀದಿಯ ಹಸು ಮೂರನ್ನು ಮುಗಿಸಿತು. ಇನ್ನೊಂದಕ್ಕೆ ಬಚ್ಚಲ ಹೊರಗೆ, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಜಾಗವಾಯಿತು. ಉಳಿದ ಇಪ್ಪತ್ತೆರಡನ್ನು ಖಾಲಿಯಿದ್ದ ಕೊಟ್ಟಿಗೆಗೆ ಸಾಗಿಸಿದರು. ಕಿಟಕಿಯಿಲ್ಲದ, ತಗ್ಗು ಹೆಂಚಿನ ಕೊಟ್ಟಿಗೆ. ಹದಿನೈದು ದಿನಗಳಲ್ಲಿ ಗಿಡಗಳು ಬಿಳಿಚಿಕೊಂಡು ಬಾಗಿಲ ಕಡೆಗೆ ಕತ್ತು ಚಾಚಿ ನಿಂತವು. ಅಜ್ಜಿ ಹೊಸ್ತಿಲ ಮೇಲೆ ಕುಳಿತು ಅವನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

‘ಅಜ್ಜಿ, ಇವಕ್ಕೆ ಬೇಕಾಗಿರೋದು ಬೆಳಕು ತಾನೆ? ಬಿಸಿಲೇ ಆಗ್ಬೇಕು ಅಂತೇನಿಲ್ಲ. ನಾನು ಕೊಡ್ತೀನಿ’ ಎಂದೆ, ಸೂರ್ಯ ನಮ್ಮ ಮನೆಯಲ್ಲೇ ಬಾಡಿಗೆಗಿದ್ದಾನೆ ಎನ್ನುವ ಧಾಟಿಯಲ್ಲಿ.

ಮೊದಲು ನೂರು ಕ್ಯಾಂಡಲಿನ ಬಲ್ಬೊಂದನ್ನು ಇಳಿಬಿಟ್ಟೆ. ಎರಡೇ ದಿನಕ್ಕೆ ಹತ್ತಿರದ ಎಲೆಗಳ ತುದಿ ಸೀದುಹೋಯಿತು. ದೂರ ಎತ್ತಿದರೆ ಬೆಳಕು ಸಾಲದು. ಸ್ಕೂಲಿನ ಲೈಬ್ರರಿಗೆ ಬರುತ್ತಿದ್ದ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ, ಚಳಿ ದೇಶದವರು ನೆಲಮಾಳಿಗೆಯಲ್ಲಿ ಟ್ಯೂಬ್ ಲೈಟಿನ ಕೆಳಗೆ ಗಿಡ ಬೆಳೆಸುವ ವಿಚಾರ ಓದಿದ್ದೆ. ಟ್ಯೂಬ್ ಬಿಸಿಯಾಗುವುದಿಲ್ಲ, ಗಿಡದ ತಲೆಗೆ ಒಂದು ಗೇಣು ಮೇಲೆಯೇ ಇಡಬಹುದು. ಚಿಕ್ಕಪೇಟೆಗೆ ಹೋಗಿ ಚೋಕು, ಸ್ಟಾರ್ಟರ್ ಸಮೇತ ಎರಡು ಟ್ಯೂಬ್ ತಂದೆ. ಗಿಡ ಎತ್ತರವಾದ ಹಾಗೆ ಮೇಲೆತ್ತಲು ಬರಲೆಂದು ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿಸಿದೆ. ಗೋಡೆಗೆ ಸುಣ್ಣ ಬಳಿಸಿದೆ. ಟೀ ಪೆಟ್ಟಿಗೆಯ ಒಳಗಿನ ಬೆಳ್ಳಿ ಕಾಗದವನ್ನು ಬಿಡಿಸಿ ಗಿಡಗಳ ಹಿಂದೆ ಅಂಟಿಸಿದೆ, ಚೆಲ್ಲಿ ಹೋಗುವ ಬೆಳಕು ವಾಪಸು ಬರಲಿ ಎಂದು. ಮೂಲೆಯ ಕುಂಡಗಳಿಗೆ ಬೆಳಕು ಕಡಿಮೆ ಬೀಳುವುದರಿಂದ ವಾರಕ್ಕೊಮ್ಮೆ ಅವನ್ನು ನಡುವಿಗೂ ನಡುವಿನವನ್ನು ಮೂಲೆಗೂ ಬದಲಾಯಿಸಲು ಮೊಮ್ಮಗಳಿಗೆ ಕಲಿಸಿದೆ. ಇಷ್ಟೂ ಸರಿಯಾಗಿಯೇ ಮಾಡಿದೆ, ಇವತ್ತಿಗೂ ಇದರಲ್ಲಿ ತಪ್ಪು ಕಾಣುವುದಿಲ್ಲ.

ತಪ್ಪು ಹೊತ್ತಿನ ವಿಷಯದಲ್ಲಿತ್ತು. ಬಿಸಿಲಿಗಿಂತ ಟ್ಯೂಬಿನ ಬೆಳಕು ಮಂಕು, ಆದ್ದರಿಂದ ಹೆಚ್ಚು ಹೊತ್ತು ಕೊಟ್ಟು ಸರಿದೂಗಿಸಬೇಕು ಎಂದು ನನ್ನ ತರ್ಕ. ಬೆಳಗ್ಗೆ ಐದಕ್ಕೆ ಅಜ್ಜಿ ಹಾಕುವುದು, ರಾತ್ರಿ ಹತ್ತಕ್ಕೆ ನಾನು ಆರಿಸುವುದು. ಆರಂಭದಲ್ಲಿ ಒಂದು ಸಂಜೆ ಅಜ್ಜಿ ಸ್ವಿಚ್ಚಿನ ಹತ್ತಿರ ನಿಂತು, ‘ಹೊತ್ತು ಮುಳುಗ್ತಲ್ಲ ಟೀಚರಮ್ಮ, ಆರಿಸ್ಬಿಡ್ಲಾ?’ ಎಂದು ಕೇಳಿದರು.

‘ಬೆಳಕೇ ಅವುಗಳ ಊಟ ಅಜ್ಜಿ. ಉಣ್ಣೋರ ಮುಂದಿನ ಎಲೆ ಕಿತ್ಕೋತೀರಾ?’ ಎಂದೆ.

‘ನೀನ್ ಹೇಳಿದ್ ಮ್ಯಾಲೆ ಆಯ್ತು’ ಎಂದು ಕೈ ತೆಗೆದರು.

ಆಷಾಢ, ಶ್ರಾವಣ ಎರಡೂ ನನ್ನ ವೈಭವದ ದಿನಗಳು. ಗಿಡಗಳು ಹಾಗೆ ಬೆಳೆದದ್ದನ್ನು ಹೊಲದಲ್ಲೂ ನೋಡಿಲ್ಲ ಎಂದು ಅಜ್ಜಿಯ ಮಗನೇ ಹೇಳಿದ. ಕಪ್ಪುಹಸಿರು ಎಲೆ, ಬೆರಳುಗಾತ್ರದ ಕಾಂಡ. ಅಜ್ಜಿ ಕುಡಿ ಚಿವುಟಿದಲ್ಲೆಲ್ಲ ಎರಡು ಕವಲು, ನಾಲ್ಕು ಕವಲು. ಬೀದಿಯ ಹೆಂಗಸರು ಸಂಜೆ ಕೊಟ್ಟಿಗೆ ನೋಡಲು ಬರುತ್ತಿದ್ದರು. ಆ ಬಿಳೀ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ನನ್ನ ಕೈಯಲ್ಲಿ ಪಾಠ ಮಾಡುವ ಕೋಲೊಂದು ಇರಲಿಲ್ಲ, ಅಷ್ಟೆ. ಅಮ್ಮ ಮಾತ್ರ, ‘ಹೂ ಬಿಡ್ಲಿ, ಆಮೇಲೆ ಭಾಷಣ ಮಾಡುವೆಯಂತೆ’ ಎಂದು ಒಗ್ಗರಣೆ ಹಾಕುತ್ತಿದ್ದಳು.

ಗೌರಿಹಬ್ಬ ಹೋಯಿತು, ನವರಾತ್ರಿ ಬಂತು. ಸಿಟಿ ಮಾರ್ಕೆಟಿನಲ್ಲಿ ಸೇವಂತಿಗೆ ರಾಶಿರಾಶಿ. ನಮ್ಮ ಕೊಟ್ಟಿಗೆಯಲ್ಲಿ ಎಲೆಯ ಮೇಲೆ ಎಲೆ. ಒಂದು ಮೊಗ್ಗಿಲ್ಲ. ಆಯುಧಪೂಜೆಯ ದಿನ ಮನೆಯ ಕತ್ತಿ, ಕುಡುಗೋಲು, ಮಗನ ಸೈಕಲ್ಲಿಗೆ ಪೂಜೆ ಮಾಡಿದ ಅಜ್ಜಿ ಕೊಟ್ಟಿಗೆಗೂ ಬಂದು ಟ್ಯೂಬ್ ಲೈಟಿನ ಪಟ್ಟಿಗೆ ಕುಂಕುಮ ಇಟ್ಟು, ಹೂ ಸಿಕ್ಕಿಸಿದರು. ಅದು ಮಾರ್ಕೆಟಿನ ಸೇವಂತಿಗೆ. ಅದರ ಕೆಳಗೆ ಇಪ್ಪತ್ತೆರಡು ಸೇವಂತಿಗೆ ಗಿಡಗಳು ಬರಿಗೈಯಲ್ಲಿ ನಿಂತಿದ್ದವು.

ಪೂಜೆಯ ಮೇಲೆ ಕೈ ತೊಳೆಯಲು ಬಚ್ಚಲ ಕಡೆ ಹೋದೆ. ಸಂದಿಯಲ್ಲಿದ್ದ ಆ ಒಂಟಿ ಕುಂಡ ಕಣ್ಣಿಗೆ ಬಿತ್ತು. ಯಾರ ಆರೈಕೆಯೂ ಇಲ್ಲದೆ, ದಿನಕ್ಕೆ ಒಂದೆರಡು ಗಂಟೆ ಬಿಸಿಲು, ಬಚ್ಚಲ ನೀರು ಇಷ್ಟರಲ್ಲೇ ಬದುಕಿದ್ದ ಸಣಕಲು ಗಿಡ. ಅದರ ತುದಿಯಲ್ಲಿ ಐದು ಮೊಗ್ಗು.

ನಾನು ಅಲ್ಲೇ ಕುಕ್ಕರಿಸಿ ಕುಳಿತೆ. ಆ ಕುಂಡಕ್ಕೆ ಸಿಕ್ಕಿದ್ದು, ನನ್ನ ಗಿಡಗಳಿಗೆ ಸಿಗದಿದ್ದದ್ದು ಒಂದೇ. ಸಂಜೆ ಆರರ ನಂತರದ ಕತ್ತಲು.

ಒಳಗೆ ಹೋಗಿ ಟ್ರಂಕಿನಿಂದ ಕಾಲೇಜಿನ ನೋಟ್ಸು ತೆಗೆದೆ. ಇತ್ತು. ನನ್ನದೇ ದುಂಡು ಅಕ್ಷರದಲ್ಲಿ, ಕೆಂಪು ಇಂಕಿನ ಅಡಿಗೆರೆ ಸಮೇತ. ಕೆಲವು ಗಿಡಗಳು ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತವೆ, ರಾತ್ರಿಯಲ್ಲಿ ಬೆಳಕು ಬಿದ್ದರೆ ಎಲೆಯನ್ನೇ ಬಿಡುತ್ತಾ ಹೋಗುತ್ತವೆ. ಉದಾಹರಣೆಗೆ ಸೇವಂತಿಗೆ. ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ, ಲೆಕ್ಚರರು ತರಗತಿಯಲ್ಲಿ ಓದಿಯೂ ಹೇಳಿದ್ದರು. ಬರೆದ ಕೈಗೆ ಗೊತ್ತಿದ್ದದ್ದು ಕೊಟ್ಟಿಗೆಗೆ ಬರುವ ಹೊತ್ತಿಗೆ ತಲೆಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿದ್ದ ಸೇವಂತಿಗೆಯೂ ಅಜ್ಜಿಯ ಸೇವಂತಿಗೆಯೂ ಒಂದೇ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಜ್ಜಿಗೆ ಹೇಳಬೇಕಿತ್ತು. ಅರ್ಧ ಹೇಳಿದೆ. ‘ಇನ್ಮೇಲೆ ಸಂಜೆ ಐದೂವರೆಗೆ ಆರಿಸೋಣ ಅಜ್ಜಿ, ಇವಕ್ಕೆ ಈಗ ರಾತ್ರಿ ಬೇಕಂತೆ’ ಎಂದೆ. ‘ಬೇಕಂತೆ’ ಎಂದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ. ಯಾರೋ ಹೇಳಿ ಕಳಿಸಿದರು ಎಂಬಂತೆ. ಅಜ್ಜಿ ತಲೆಯಾಡಿಸಿ ಅಂದೇ ಸಂಜೆ ತಾವೇ ಆರಿಸಿದರು. ಬಾಗಿಲ ಸಂದಿಯಿಂದ ಬೀದಿಯ ಬೆಳಕು ಬಾರದಿರಲೆಂದು ಗೋಣಿ ಇಳಿಬಿಟ್ಟೆವು. ಬೆಳಗ್ಗೆ ಏಳೂವರೆಯವರೆಗೆ ಯಾರೂ ದೀಪ ಹಾಕುವ ಹಾಗಿಲ್ಲ.

ಮದುವೆಗೆ ಎಂಟು ವಾರ ಉಳಿದಿತ್ತು. ಮೊಗ್ಗು ಕಾಣಿಸಲು ಸುಮಾರು ಮೂರು ವಾರ ಹಿಡಿಯಿತು. ದೀಪಾವಳಿಗೆ ಬಚ್ಚಲ ಕುಂಡದ ಐದು ಹೂ ಅರಳಿ ದೇವರಿಗೆ ಹೋದವು. ಕೊಟ್ಟಿಗೆಯಲ್ಲಿ ಆಗಿನ್ನೂ ಸಾಸಿವೆಯಷ್ಟು. ಕಾರ್ತೀಕದುದ್ದಕ್ಕೂ ನಾನು ಸ್ಕೂಲಿನಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಕೊಟ್ಟಿಗೆಗೆ ಹೋಗುತ್ತಿದ್ದೆ. ಮೊಗ್ಗುಗಳು ದಿನದಿನಕ್ಕೂ ದಪ್ಪವಾಗುತ್ತಿದ್ದವು, ಪ್ರತಿ ಕವಲಿಗೂ ಮೊಗ್ಗು, ನೂರಾರು. ಅರಳಿದ್ದರೆ ಎರಡು ಮದುವೆಗೆ ಸಾಕಾಗುತ್ತಿತ್ತು. ಆದರೆ ಮದುವೆಯ ಹಿಂದಿನ ದಿನವೂ ಅವು ಹಸಿರು ಗುಂಡುಗಳೇ. ಬಿಗಿಯಾಗಿ ಮುಚ್ಚಿದ ತುದಿಯಲ್ಲಿ ಉಗುರಿನಷ್ಟು ಹಳದಿ ಗೆರೆ. ಇನ್ನೆರಡು ವಾರ ಬೇಕಿತ್ತು.

ಮದುವೆಯ ಬೆಳಗ್ಗೆ ಅಜ್ಜಿ ನಮ್ಮ ಬಾಗಿಲಿಗೆ ಬಂದು, ‘ಒಂದೀಟು ಬಾಳೆನಾರು ನೆನೆಸಿಕೊಡವ್ವ, ದಂಡೆ ಕಟ್ಟಬೇಕು’ ಎಂದರು. ಯಾವುದರಲ್ಲಿ ಎಂದು ಕೇಳುವ ಧೈರ್ಯವಾಗಲಿಲ್ಲ. ನಾರು ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಅಷ್ಟೂ ಕುಂಡಗಳು ಬೋಳಾಗಿದ್ದವು. ಮೊಗ್ಗುಗಳನ್ನೆಲ್ಲ ಅಜ್ಜಿ ಕೊಯ್ದು ಮೊರದಲ್ಲಿ ಹರವಿಕೊಂಡಿದ್ದರು, ಪಕ್ಕದಲ್ಲಿ ಸೇವಂತಿಗೆಯದೇ ಎಳೆಯ ಎಲೆ. ಜೀವಮಾನವೆಲ್ಲ ಹೂ ಬೆಳೆದ ಹೆಂಗಸು. ಅರಳದ ಮೊಗ್ಗನ್ನು ಮುಟ್ಟಿದರೆ ಮಕ್ಕಳ ಕೈಮೇಲೆ ಹೊಡೆಯುತ್ತಿದ್ದರಂತೆ.

‘ಅಜ್ಜಿ! ಹದಿನೈದು ದಿನ ಬಿಟ್ಟಿದ್ರೆ ಎಲ್ಲಾ ಅರಳ್ತಿದ್ವಲ್ಲ!’ ಎಂದೆ. ನನ್ನ ದನಿ ಕಿರುಚಿದಂತೆ ಬಂತು.

‘ಅರಳಿ? ಯಾರಿಗೆ?’ ಎಂದರು ಅಜ್ಜಿ, ತಲೆ ಎತ್ತದೆ. ‘ಕೂತ್ಕೊ. ಮೂರು ಮೊಗ್ಗು, ಒಂದೆಲೆ. ಬಿಗಿಯಾಗಿ ಕಟ್ಟು.’

ಇಬ್ಬರೂ ಕಟ್ಟಿದೆವು. ಗಟ್ಟಿ ಹಸಿರು ದಂಡೆ, ಅಲ್ಲಲ್ಲಿ ಹಳದಿಯ ಸುಳಿವು, ಸೇವಂತಿಗೆ ಎಲೆಯ ಆ ಕಟುವಾದ ವಾಸನೆ. ಗಂಡಿನವರು ತಂದ ಮಲ್ಲಿಗೆ ಕನಕಾಂಬರದ ಕೆಳಗೆ ಅದನ್ನು ಹುಡುಗಿಯ ಜಡೆಗೆ ಸುತ್ತಿದರು. ಚಪ್ಪರದಲ್ಲಿ ಗಂಡಿನ ಕಡೆಯ ಒಬ್ಬ ಹೆಂಗಸು ನೋಡಿಯೇ ನೋಡಿದಳು. ‘ಇದೇನು, ಕಾಯಿ ಮುಡಿಸವ್ರೆ? ಹೂ ಸಿಗ್ಲಿಲ್ವಾ ಬೆಂಗ್ಳೂರಲ್ಲಿ?’ ಎಂದಳು. ಸುತ್ತಲಿದ್ದ ಹೆಂಗಸರು ನಕ್ಕರು. ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂರಬೇಕಾದ ಹುಡುಗಿ ತಲೆ ಎತ್ತಿ, ‘ಸಿಕ್ತಿತ್ತು ಅತ್ತೆ. ಕೊಂಡುಕೊಳ್ಳೋದು ನಮ್ಮನೇಲಿ ರೂಢಿಯಿಲ್ಲ’ ಎಂದಳು. ನಗು ನಿಂತಿತು. ನಾನು ಕಂಬದ ಹಿಂದೆ ಸರಿದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಮಾತು ಅವಳ ಬಾಯಲ್ಲಿ ಬರುವ ಹಾಗೆ ಮಾಡಿದವಳು ನಾನು, ಅವಳು ಅದನ್ನು ಹೆಮ್ಮೆಯಿಂದ ಹೇಳಿದ್ದಳು.

ಸಂಜೆ ಹೆಣ್ಣನ್ನು ಕಳಿಸಿಕೊಟ್ಟರು. ಗಾಡಿಯಲ್ಲಿ ಸಾಮಾನಿನ ಜೊತೆ, ಒದ್ದೆ ಗೋಣಿಯಲ್ಲಿ ಸುತ್ತಿದ ಸೇವಂತಿಗೆಯ ಮರಿಗಳೂ ಹೋದವು, ಕೋಣನಕುಂಟೆಯ ಬಾವಿಯ ಪಕ್ಕ ನೆಡಲು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಇನ್ನು ಹೇಳದಿದ್ದರೆ ಆಗದು ಎನ್ನಿಸಿತು. ಹತ್ತಿರ ಹೋಗಿ ಎಲ್ಲ ಹೇಳಿದೆ. ನೋಟ್ಸು, ಪರೀಕ್ಷೆ, ಕೆಂಪು ಇಂಕು, ಎಲ್ಲ. ‘ತಪ್ಪು ನಂದು ಅಜ್ಜಿ. ಆವತ್ತೇ ನಿಮ್ಮ ಕೈ ತಡೀದೆ ಇದ್ದಿದ್ರೆ ಇವತ್ತು ಅವಳ ತಲೇಲಿ ಹೂ ಇರ್ತಿತ್ತು’ ಎಂದೆ.

‘ಊಂ, ತಪ್ಪು ನಿಂದೇಯ’ ಎಂದರು ಅಜ್ಜಿ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗು ಸರಿಮಾಡಿಕೊಂಡು, ಡಾಕ್ಟರ ಮನೆಯ ಕಡೆ ನೋಡುತ್ತಾ ಹೇಳಿದರು:

‘ಬಡಾವಣೆ ಬಂದಾಗ ಮೊದ್ಲು ಬಂದಿದ್ದು ಲೈಟು ಕಂಬ. ಹೊಲದ ಬದುವಿನ ಮ್ಯಾಲೆ ನೆಟ್ರು. ಆ ವರ್ಸ ಕಂಬದ ಕೆಳಗಿನ ಸಾಲು ಹೂವೇ ಬಿಡ್ಲಿಲ್ಲ, ಬರೀ ಎಲೆ. ಮುಂದ್ಲ ವರ್ಸಾನೂ ಹಂಗೇಯ. ದೀಪ ಉರಿಯೋ ಕಡೆ ಸೇವಂತಿಗೆ ಹೂ ಕಟ್ಟಾಕಿಲ್ಲ ಅಂತ ನಂಗೆ ಆವಾಗ್ಲೇ ಗೊತ್ತಿತ್ತು ಕಣವ್ವ.’

‘ಗೊತ್ತಿತ್ತಾ? ಮತ್ತೆ ಯಾಕಜ್ಜಿ ಹೇಳ್ಲಿಲ್ಲ?’

‘ನಾನು ಕಂಡಿದ್ದು ಒಂದು ಸಾಲು. ನೀನು ಅಷ್ಟೊಂದು ಓದ್ಕೊಂಡೋಳು. ನಂದೇ ಸುಳ್ಳಿರಬೋದು ಅಂದ್ಕೊಂಡೆ.’

ಅಷ್ಟು ಹೇಳಿ ಅವರು ಒಳಗೆ ಹೋದರು, ನೆಂಟರಿಗೆ ಕಾಫಿ ಕೊಡುವುದಿತ್ತು. ನಾನು ಸೋಮವಾರದಿಂದ ಮತ್ತೆ ಪಾಠಕ್ಕೆ ಹೋದೆ, ಮೂವತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದೆ. ಎದುರಿಗಿದ್ದವರು ನನ್ನ ಮಾತಿಗೆ ತಟ್ಟನೆ ತಲೆಯಾಡಿಸಿದಾಗಲೆಲ್ಲ ನನಗೆ ಭಯವಾಗುತ್ತಿತ್ತು.